ಅಂಜಿಕೆ, ನಂಬಿಕೆ ಮತ್ತು ಕೆಲಸ

ಕ್ರೈಸ್ತ ಚಿಂತನೆಯಲ್ಲಿ ಭಯಪಡುವುದು ಪಾಪವಲ್ಲ. ಸೆರೆಸಿಕ್ಕುವ ರಾತ್ರಿ ಗೆತ್ಸೆಮನೆ ತೋಟದಲ್ಲಿ ಸ್ವತಃ ಯೇಸುವೇ ಕಳವಳಗೊಂಡು, ಬರಲಿರುವ ಸಂಕಟ ತಮ್ಮಿಂದ ತಪ್ಪಲಿ ಎಂದು ತಂದೆಯನ್ನು ಬೇಡಿಕೊಂಡರೆಂದು ಸುವಾರ್ತೆಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಪ್ರಾರ್ಥನೆ ಮುಗಿಸಿ ಎದ್ದವರು ಹಿಡಿಯಲು ಬಂದವರಿಗೆ ಎದುರಾಗಿಯೇ ನಡೆದರು. ಸತ್ಯವೇದದಲ್ಲಿ ಮತ್ತೆ ಮತ್ತೆ ಕೇಳಿಬರುವ ಅಂಜಬೇಡ ಎಂಬ ಕರೆಯನ್ನು ಈ ರಾತ್ರಿಯ ಜೊತೆಗಿಟ್ಟು ಓದಬೇಕು. ದೇವರು ಜೊತೆಗಿದ್ದಾನೆ ಎಂಬುದೊಂದೇ ಆ ಕರೆಯ ಆಧಾರ. ಕಷ್ಟ ಬರುವುದೇ ಇಲ್ಲ ಎಂಬ ಭರವಸೆ ಅದರಲ್ಲಿಲ್ಲ.

ಆದ್ದರಿಂದ ಭಯ ಹೋದ ಮೇಲೆ ಕೆಲಸಕ್ಕಿಳಿಯೋಣ ಎಂದು ಕಾಯುವುದಕ್ಕೆ ಈ ನಂಬಿಕೆಯಲ್ಲಿ ಜಾಗವಿಲ್ಲ. ಅಪೊಸ್ತಲರ ಕೃತ್ಯಗಳು ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ದಮಸ್ಕದ ಅನನೀಯ ಇದಕ್ಕೆ ಒಳ್ಳೆಯ ನಿದರ್ಶನ. ವಿಶ್ವಾಸಿಗಳನ್ನು ಸೆರೆಗೆ ಎಳೆಯುತ್ತಿದ್ದ ಸೌಲನ ಬಳಿಗೆ ಹೋಗೆಂಬ ಅಪ್ಪಣೆ ಬಂದಾಗ ಅವನು ತನ್ನ ಅಳುಕನ್ನು ದೇವರ ಮುಂದೆಯೇ ತೋಡಿಕೊಂಡ. ಆಮೇಲೆ ಹೊರಟ. ನೆಟ್ಟನೆ ಬೀದಿ ಎಂಬ ಬೀದಿಯ ಒಂದು ಮನೆ ಹೊಕ್ಕು, ಕಣ್ಣು ಕಾಣದೆ ಕುಳಿತಿದ್ದ ಆ ಮನುಷ್ಯನ ಮೇಲೆ ಕೈಯಿಟ್ಟು ಸಹೋದರನೆಂದು ಕರೆದ. ಹೆದರಿದವನ ಕೈಯೇ ಆ ಹೊತ್ತಿನಲ್ಲಿ ಧೈರ್ಯದ ಕೆಲಸ ಮಾಡಿತು.

ಇದನ್ನು ದುಡುಕು ಎನ್ನಲಾಗದು. ದೇವಾಲಯದ ಶಿಖರದಿಂದ ಧುಮುಕಿ ದೇವರನ್ನು ಪರೀಕ್ಷಿಸುವಂತೆ ಸೈತಾನ ಒಡ್ಡಿದ ಸವಾಲನ್ನು ಯೇಸು ತಳ್ಳಿಹಾಕಿದರು. ಎಚ್ಚರಿಸುವ ಭಯವನ್ನು ಕೇಳಿಸಿಕೊಳ್ಳಬೇಕು. ಕರ್ತವ್ಯದಿಂದ ಹಿಂದೆಳೆಯುವ ಭಯಕ್ಕೆ ಮಾತ್ರ ಮಣಿಯಬಾರದು.

ನಮ್ಮ ನಾಡಿನಲ್ಲೂ ಇದಕ್ಕೆ ನಿದರ್ಶನವಿದೆ. ಬಳ್ಳಾರಿಯಲ್ಲಿ ಪ್ರೊಟೆಸ್ಟೆಂಟ್ ಮಿಷನರಿಗಳ ಕೆಲಸ ಶುರುವಾದದ್ದು ಇಂಥ ಅಳುಕಿನ ಕಾಲದಲ್ಲೇ. 1806ರ ವೆಲ್ಲೂರು ದಂಗೆಯ ನಂತರ ಈಸ್ಟ್ ಇಂಡಿಯಾ ಕಂಪನಿ ಮಿಷನರಿಗಳನ್ನು ಅನುಮಾನದಿಂದಲೇ ನೋಡುತ್ತಿತ್ತು. 1813ರ ಚಾರ್ಟರ್ ಕಾಯ್ದೆ ಅವರಿಗೆ ದಾರಿ ಸಲೀಸು ಮಾಡುವುದಕ್ಕೂ ಮೂರು ವರ್ಷ ಮೊದಲು, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ದಂಡು ಬೀಡುಬಿಟ್ಟಿದ್ದ ಬಳ್ಳಾರಿಗೆ ಬಂದರು. ಕಲಿಯಲು ಅಚ್ಚಾದ ಕನ್ನಡ ವ್ಯಾಕರಣವೂ ಆಗ ಇರಲಿಲ್ಲ. ವಿಲಿಯಂ ಕೇರಿಯ ವ್ಯಾಕರಣ ಹೊರಬಂದದ್ದು 1817ರಲ್ಲಿ. ಆದರೂ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಕುಳಿತರು. ಮುಂದೆ ಕನ್ನಡ ನಿಘಂಟಿನಿಂದ ಹೆಸರಾದ ವಿಲಿಯಂ ರೀವ್ ಈ ಕೆಲಸದಲ್ಲಿ ಜೊತೆಯಾದರು. ಇಡೀ ಗ್ರಂಥ 1831ರ ಹೊತ್ತಿಗೆ ಅಚ್ಚಾಗಿ ಓದುಗರ ಕೈಸೇರಿತು. ಧೈರ್ಯವೆಂದರೆ ಒಂದು ಗಳಿಗೆಯ ಸಾಹಸವೆಂದು ನಂಬಿದವರು ಈ ಎರಡು ದಶಕಗಳನ್ನು ನೋಡಬೇಕು: ಇಲ್ಲಿ ಅದು ದಿನವೂ ಮೇಜಿನ ಮುಂದೆ ಕೂರುವ ಹಟವಾಗಿತ್ತು.

ಹೊರಗಿನಿಂದ ಬಂದ ಮಿಷನರಿಗೆ ಬೆನ್ನಿಗೊಂದು ಸಂಘವಿತ್ತು. ಅದೇ ಮಿಷನ್ನಿನ ಭಾರತೀಯ ಸಭಾಪಾಲಕ ಸ್ಯಾಮ್ಯುಯೆಲ್ ಫ್ಲೇವೆಲ್ ತೆತ್ತ ಬೆಲೆ ಬೇರೆ ಬಗೆಯದು. ತಮಿಳು ಮೂಲದ ಅವರು ಹುಟ್ಟಿದ ಧರ್ಮವನ್ನು ಬಿಟ್ಟು ಬಂದವರು. ಆ ಕಾಲದಲ್ಲಿ ಹಾಗೆ ಬರುವವನಿಗೆ ನಂಟರು, ಕುಲ, ಊಟದ ಪಂಕ್ತಿ ಎಲ್ಲವೂ ದೂರವಾಗುವ ಭಯವಿರುತ್ತಿತ್ತು. ಫ್ಲೇವೆಲ್ 1847ರಲ್ಲಿ ತೀರಿಕೊಳ್ಳುವವರೆಗೂ ಬಳ್ಳಾರಿಯ ತಮಿಳು ಸಭೆಯ ಹೊಣೆ ಹೊತ್ತಿದ್ದರು. ಅನನೀಯನ ಹೆಜ್ಜೆಗೆ ಹತ್ತಿರವಾದ ಬಾಳು ಇದೇ ಎನ್ನಬೇಕು.

ಕೈಹಾಕಿದ ಕೆಲಸ ಪರಿಪೂರ್ಣವಾಗದೇ ಹೋದೀತು ಎಂಬುದೂ ಒಂದು ಭಯ. ಯಾಕೋಬನ ಪತ್ರಿಕೆ ಕ್ರಿಯೆಯಿಲ್ಲದ ನಂಬಿಕೆಯನ್ನು ಸತ್ತದ್ದೆಂದು ಕರೆಯುತ್ತದೆ; ಕ್ರಿಯೆ ದೋಷರಹಿತವಾಗಿರಬೇಕೆಂದು ಅಲ್ಲಿ ಎಲ್ಲೂ ಕೇಳುವುದಿಲ್ಲ. ಹ್ಯಾಂಡ್ಸ್ ಅವರ ಅನುವಾದವೂ ಬಹುಕಾಲ ಹಾಗೆಯೇ ಉಳಿಯಲಿಲ್ಲ. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು 1850ರ ದಶಕದಲ್ಲಿ ಕನ್ನಡ ಬೈಬಲಿನ ಪರಿಷ್ಕರಣೆಗೆ ತೊಡಗಿದಾಗ, ತಿದ್ದಲು ಅವರ ಮುಂದೆ ಬಳ್ಳಾರಿಯ ಪಠ್ಯವಿತ್ತು.