ಅಳೆದವರ ಋಣ

ಹೋದ ತಿಂಗಳು ಆಫೀಸಿನ ವರ್ಷದ ಹೆಲ್ತ್ ಚೆಕಪ್ ಇತ್ತು. ಪೂರ್ತಿ ಫ್ರೀ, ಮನೆಗೇ ಬಂದು ರಕ್ತ ತಗೋತಾರೆ. ಬೆಳಿಗ್ಗೆ ಏಳಕ್ಕೆ ಲ್ಯಾಬ್ ಹುಡುಗ ಬಂದ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ಏನೋ ಓದುತ್ತಲೇ ಇನ್ನೊಂದು ಕೈ ಚಾಚಿದೆ. ಮೂರು ಟ್ಯೂಬ್ ತುಂಬಿಸಿಕೊಂಡು ಹೊರಟ. ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದ ಅಪ್ಪ, "ಪರವಾಗಿಲ್ಲ ಕಣೋ, ನಿಮ್ಮ ಕಂಪನಿಯೋರು ಚೆನ್ನಾಗಿ ನೋಡ್ಕೋತಾರೆ" ಅಂದರು. ಬೇಕಾದ್ದಕ್ಕಿಂತ ಜೋರಾಗಿ ಅಂದರು. ಅಪ್ಪನಿಗೆ ಕಿವಿ ಮಂದ.

ಆ ಹೊತ್ತಿಗೆ ನಾನು ಓದುತ್ತಿದ್ದದ್ದೂ ರಕ್ತ ಪರೀಕ್ಷೆಯ ವಿಷಯವೇ. ಅಲ್ಲಿ ಚಾಚಿದ್ದು ಮಾತ್ರ ಕೈ ಅಲ್ಲ, ಬಾಲ.

ಅಮೆರಿಕದ ನೌಕಾಪಡೆ 1960ರ ಹೊತ್ತಿಗೆ ಡಾಲ್ಫಿನ್‌ಗಳನ್ನು ಇಟ್ಟುಕೊಂಡು ಪ್ರಯೋಗ ಶುರು ಮಾಡಿತು. ಈಗ ಅವುಗಳ ಬಿಡಾರ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಕೊಲ್ಲಿಯಲ್ಲಿ. ಸಮುದ್ರದ ನೀರಿನಲ್ಲೇ ಬಲೆ ಕಟ್ಟಿದ ತೇಲುವ ದೊಡ್ಡಿಗಳು. ಸಮುದ್ರದ ತಳದಲ್ಲಿ ಹೂತ ಮೈನ್‌ಗಳನ್ನು ಪತ್ತೆ ಮಾಡುವುದು, ಬಂದರಿನ ಹತ್ತಿರ ಕದ್ದು ಈಜಿ ಬರುವವರನ್ನು ಹಿಡಿದುಕೊಡುವುದು, ಇಂಥವು ಇವುಗಳ ಕೆಲಸ. 2003ರ ಯುದ್ಧದಲ್ಲಿ ಇರಾಕಿನ ಉಮ್ ಕಸರ್ ಬಂದರಿನಲ್ಲಿ ಮೈನ್ ಹುಡುಕಲು ಇವೇ ಇಳಿದವು.

ಇಷ್ಟು ಬೆಲೆಯ ಕೆಲಸಗಾರರ ಮೇಲೆ ನಿಗಾ ಇಡಬೇಕಲ್ಲ. ಅವಕ್ಕೆ ಅಂತಲೇ ವೈದ್ಯರಿದ್ದಾರೆ, ಊಟದ ಮೀನಿಗೆ ಲೆಕ್ಕವಿದೆ, ನಿಯಮಿತವಾಗಿ ರಕ್ತ ಪರೀಕ್ಷೆ ಇದೆ. ಬಲವಂತವಾಗಿ ಹಿಡಿದು ಸೂಜಿ ಚುಚ್ಚುವುದಿಲ್ಲ. ಬಾಲವನ್ನು ಮೇಲೆತ್ತಿ, ಅಲುಗಾಡದೆ ಹಿಡಿದುಕೊಳ್ಳುವುದನ್ನು ಡಾಲ್ಫಿನ್‌ಗೇ ಕಲಿಸಿರುತ್ತಾರೆ.

ಹೀಗೆ ಸೇರಿದ ಲೆಕ್ಕದಿಂದ 2020ರಲ್ಲಿ ಒಂದು ಅಧ್ಯಯನ ಹೊರಬಂತು. 144 ಡಾಲ್ಫಿನ್, 25 ವರ್ಷ, 44 ಬಗೆಯ ಅಳತೆ. ಒಂದೇ ಜಾಗ, ಒಂದೇ ತರದ ಊಟ, ಒಂದೇ ತರದ ಆರೈಕೆ. ಆದರೂ ಕೆಲವು ಬೇಗ ಮುದಿಯಾಗುತ್ತವೆ, ಕೆಲವು ನಿಧಾನವಾಗಿ. ವಯಸ್ಸಾದಂತೆ ಹಿಮೋಗ್ಲೋಬಿನ್ ಇಳಿಯುವ ವೇಗವೂ ಒಂದೊಂದರಲ್ಲಿ ಒಂದೊಂದು ತರ. ಮನುಷ್ಯರಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ. ಒಬ್ಬ ಜಿಮ್‌ಗೆ ಹೋಗ್ತಾನೆ, ಇನ್ನೊಬ್ಬ ನೈಟ್ ಶಿಫ್ಟ್‌ನಲ್ಲಿ ಬಿರಿಯಾನಿ ತಿಂತಾನೆ. ಹಾಗಾಗಿ ಈ ಡಾಲ್ಫಿನ್‌ಗಳ ಲೆಕ್ಕ ನಮ್ಮ ಮುಪ್ಪನ್ನು ಅರ್ಥ ಮಾಡಿಕೊಳ್ಳಲು ದಾರಿ ಅಂತ ವಿಜ್ಞಾನಿಗಳು ನಂಬುತ್ತಾರೆ. ಅದೇ ಸರಣಿಯ ಸಂಶೋಧನೆ, ಹಾಲಿನ ಕೊಬ್ಬಿನಲ್ಲೂ ಕೆಲವು ಮೀನುಗಳಲ್ಲೂ ಇರುವ ಒಂದು ಕೊಬ್ಬಿನಾಮ್ಲದತ್ತ ಬೆರಳು ತೋರಿಸಿತು. ಅದೀಗ ಮಾತ್ರೆಯಾಗಿ ಮಾರಾಟಕ್ಕಿದೆ.

ಮೊದಲು ನನಗೆ "ಪಾಪ" ಅನ್ನಿಸಿತು. ಸೆರೆ ಹಿಡಿದಿದ್ದೂ ಅಲ್ಲದೆ ರಕ್ತಾನೂ ಬೇಕಾ? ಆದರೆ ಇನ್ನೊಂದು ಕಡೆಯೂ ಇದೆ ನೋಡಿ. ಫ್ಲಾರಿಡಾದ ಸರಸೋಟ ಕೊಲ್ಲಿಯಲ್ಲಿ 1970ರಿಂದ ಸ್ವತಂತ್ರ ಡಾಲ್ಫಿನ್‌ಗಳ ಅಧ್ಯಯನ ನಡೆಯುತ್ತಿದೆ. ಅಲ್ಲೊಂದು ಹೆಣ್ಣು 67 ವರ್ಷ ಬದುಕಿತ್ತು. ಅಲ್ಲಿ ಆರೋಗ್ಯ ನೋಡಬೇಕು ಅಂದ್ರೆ ಬಲೆ ಬಿಟ್ಟು ಸುತ್ತುವರಿದು ಹಿಡಿಯಬೇಕು, ಪರೀಕ್ಷೆ ಮುಗಿಸಿ ಬಿಡಬೇಕು. ಸ್ವತಂತ್ರವಾಗಿರುವುದನ್ನು ಬಲವಂತವಾಗಿ ಹಿಡಿಯಬೇಕು. ಸೆರೆಯಲ್ಲಿರುವುದು ತಾನಾಗಿ ಬಾಲ ಕೊಡುತ್ತದೆ. ಅಷ್ಟೇ ಅಲ್ಲ, ನೌಕಾಪಡೆಯ ಡಾಲ್ಫಿನ್‌ಗಳನ್ನು ತೆರೆದ ಸಮುದ್ರಕ್ಕೆ ಬಿಟ್ಟು ಕೆಲಸ ಮಾಡಿಸುತ್ತಾರೆ. ಮನಸ್ಸು ಮಾಡಿದರೆ ಹೋಗಿಬಿಡಬಹುದು. ಹೆಚ್ಚುಕಮ್ಮಿ ಎಲ್ಲವೂ ವಾಪಸ್ ಬರುತ್ತವೆ.

ಹಾಗಾದ್ರೆ ಒಪ್ಪಿಗೆ ಇದೆ ಅಂತಲಾ? ನಾನೂ ದಿನಾ ಬೆಳಿಗ್ಗೆ ವಾಪಸ್ ಹೋಗ್ತೀನಿ. ಸಿಲ್ಕ್ ಬೋರ್ಡ್ ದಾಟಿಕೊಂಡು, ಯಾರೂ ಹಗ್ಗ ಕಟ್ಟಿ ಎಳೆಯದಿದ್ದರೂ. ಇಎಂಐ ಇದೆ, ಅಪ್ಪನ ಇನ್ಶೂರೆನ್ಸ್ ನನ್ನ ಕೆಲಸಕ್ಕೆ ಅಂಟಿಕೊಂಡಿದೆ, ಹತ್ತು ವರ್ಷದಲ್ಲಿ ಇದೊಂದೇ ಕೆಲಸ ಕಲಿತಿದ್ದೀನಿ. ವಾಪಸ್ ಬರುವುದು ಪ್ರೀತಿಯೂ ಇರಬಹುದು, ಅಭ್ಯಾಸವೂ ಇರಬಹುದು, ಬೇರೆ ಕಡೆ ಊಟ ಗೊತ್ತಿಲ್ಲ ಅನ್ನುವುದೂ ಇರಬಹುದು.

ಇನ್ನು "ಬಿಟ್ಟುಬಿಡಿ, ಪಾಪ" ಅನ್ನುವುದು. ಅದನ್ನೂ ಮಾಡಿ ನೋಡಿದ್ದಾರೆ. ನೌಕಾಪಡೆಯಿಂದ ನಿವೃತ್ತಿಯಾಗಿ ಬಂದಿದ್ದ ಲೂಥರ್, ಬಕ್ ಅನ್ನುವ ಎರಡು ಡಾಲ್ಫಿನ್‌ಗಳನ್ನು 1996ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಪರವಾನಗಿ ಇಲ್ಲದೆ ಸಮುದ್ರಕ್ಕೆ ಬಿಟ್ಟರು. ಕೆಲವೇ ದಿನಗಳಲ್ಲಿ ಎರಡನ್ನೂ ಮತ್ತೆ ಹಿಡಿದು ತರಬೇಕಾಯಿತು. ಮೈಮೇಲೆ ಆಳದ ಗಾಯಗಳಿದ್ದವು, ಮನುಷ್ಯರ ಹತ್ತಿರ ಮೀನಿಗಾಗಿ ಬರುತ್ತಿದ್ದವು. ವರ್ಷಗಟ್ಟಲೆ ದುಡಿಸಿಕೊಂಡ ಮೇಲೆ ಬಾಗಿಲು ತೆಗೆದು "ಹೋಗು, ನೀನು ಸ್ವತಂತ್ರ" ಅನ್ನುವುದೂ ಕೈ ತೊಳೆದುಕೊಳ್ಳುವ ಒಂದು ರೀತಿಯೇ.

ಹಾಗಾದರೆ ಉಪಯೋಗಕ್ಕಾಗಿ ಮಾಡುವ ಆರೈಕೆ ಆರೈಕೆಯೇ? ಹೌದು ಅಂತಲೇ ನನಗನ್ನಿಸುತ್ತದೆ. ನಮ್ಮ ತಾತ ಉಳುಮೆ ಮುಗಿಸಿ ಬಂದು, ತಾನು ಕೈಕಾಲು ತೊಳೆಯುವ ಮೊದಲು ಎತ್ತಿಗೆ ನೀರು ಕುಡಿಸುತ್ತಿದ್ದರಂತೆ. ಎತ್ತಿಲ್ಲದೆ ಉಳುಮೆ ಇಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಅಷ್ಟಕ್ಕೇ ಆ ಪ್ರೀತಿ ಸುಳ್ಳಾಗುವುದಿಲ್ಲ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅದು ಹುಟ್ಟಿದ್ದು ಅಪ್ಪನ ಕಿವಿಯಿಂದ.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯ ಪ್ರೆಸ್ ಶಾಪ್‌ನಲ್ಲಿ ಮೂವತ್ತು ವರ್ಷ ದುಡಿದರು. ತಗಡು ಬಡಿಯುವ ಸದ್ದು ಎಂಟು ಗಂಟೆ. ವರ್ಷಕ್ಕೊಂದು ಸಲ ಮೆಡಿಕಲ್. ಗಾಜಿನ ಪೆಟ್ಟಿಗೆಯಂಥ ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಿದ್ದರು, ಬೀಪ್ ಕೇಳಿಸಿದರೆ ಕೈ ಎತ್ತಬೇಕು. ಆಮೇಲೆ ಕಾರ್ಡಿನ ಮೇಲೆ "ಫಿಟ್" ಅಂತ ಸೀಲು. ಮನೆಗೆ ಬಂದು, "ಈ ವರ್ಷಾನೂ ಪಾಸು" ಅಂತ ನಗುತ್ತಿದ್ದರು.

ಮೂರು ವರ್ಷದ ಹಿಂದೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ಹಳೇ ರಿಪೋರ್ಟ್ ಇದ್ಯಾ ಅಂತ ಕೇಳಿದರು. ರಿಟೈರ್ ಆದಾಗ ಕೊಟ್ಟಿದ್ದ ಲಕೋಟೆ ಬೀರುವಿನಲ್ಲಿ ಹಾಗೇ ಇತ್ತು. ಡಾಕ್ಟರು ಕಾರ್ಡುಗಳನ್ನು ಮೇಜಿನ ಮೇಲೆ ವರ್ಷವಾರು ಜೋಡಿಸಿದರು. ನಾಲ್ಕು ಸಾವಿರ ಹರ್ಟ್ಜ್ ಹತ್ತಿರ ಗೆರೆ ಒಂದು ಗುಂಡಿಗೆ ಇಳಿದಿತ್ತು. ಸದ್ದಿನಿಂದ ಕೆಡುವ ಕಿವಿ ಮೊದಲು ಸೋಲುವುದು ಸಾಮಾನ್ಯವಾಗಿ ಅಲ್ಲೇ ಅಂತೆ. ಅಪ್ಪನಿಗೆ 41 ಆಗಿದ್ದಾಗಲೇ ಅದು ಕಾಣಿಸಿಕೊಂಡಿತ್ತು. ಪ್ರತಿ ವರ್ಷ ಇನ್ನಷ್ಟು ಆಳ. ಪ್ರತಿ ಕಾರ್ಡಿನ ಮೇಲೂ "ಫಿಟ್".

ಅಪ್ಪ ತುಂಬ ಹೊತ್ತು ಆ ಕಾರ್ಡುಗಳನ್ನೇ ನೋಡಿದರು. "ಮೋಸ ಏನೂ ಮಾಡ್ಲಿಲ್ಲ ಬಿಡು, ಟೆಸ್ಟಂತೂ ಮಾಡಿಸ್ತಿದ್ರು" ಅಂದರು. ಆಟೋದಲ್ಲಿ ವಾಪಸ್ ಬರುವಾಗ ಮೆಲ್ಲಗೆ, "ಒಂದು ಮಾತು ಹೇಳಿದ್ದಿದ್ರೆ ಕಿವಿಗೆ ಹತ್ತಿಯಾದ್ರೂ ಇಟ್ಕೋತಿದ್ದೆ" ಅಂದರು.

ಸ್ಯಾನ್ ಡಿಯೇಗೋದಲ್ಲಿ ಡಾಲ್ಫಿನ್‌ಗಳಿಗೂ ಕಿವಿ ಪರೀಕ್ಷೆ ಇದೆ. ಸದ್ದು ಕೇಳಿಸಿದರೆ ಸಿಳ್ಳೆ ಹಾಕುವುದನ್ನು ಕಲಿಸಿರುತ್ತಾರೆ. ಅಪ್ಪ ಕೈ ಎತ್ತುತ್ತಿದ್ದ ಹಾಗೆ. ವಯಸ್ಸು 20 ದಾಟಿ 30ರ ಕಡೆಗೆ ಹೋಗುತ್ತಿದ್ದಂತೆ ಅನೇಕ ಡಾಲ್ಫಿನ್‌ಗಳಿಗೆ ತೀಕ್ಷ್ಣ ಸ್ವರಗಳು ಕೇಳಿಸದಾಗುತ್ತವೆ, ಗಂಡುಗಳಲ್ಲಿ ಬೇಗ. ತಾನೇ ಸದ್ದು ಮಾಡಿ, ಅದರ ಮರುದನಿ ಕೇಳಿ ದಾರಿ ಹುಡುಕುವ ಪ್ರಾಣಿಗೆ ಕಿವಿಯೇ ಕಣ್ಣು. ಅದು ಮಂಜಾಗುತ್ತಿದೆ ಅನ್ನುವುದು ಅಳೆದವರಿಗೆ ಅಂಕಿಸಂಖ್ಯೆ ಸಮೇತ ಗೊತ್ತು.

ನನ್ನ ಪ್ರಶ್ನೆ ಇದು. ಒಂದು ಜೀವದ ಮುಪ್ಪನ್ನು ಅದಕ್ಕಿಂತ ಮೊದಲೇ ತಿಳಿದುಕೊಂಡವರ ಮೇಲೆ ಏನು ಋಣ ಬೀಳುತ್ತದೆ? ಆರೈಕೆಯ ಹಿಂದಿನ ಉದ್ದೇಶ ಸ್ವಾರ್ಥವೋ ಅಲ್ಲವೋ, ಅದು ಆಮೇಲಿನ ಮಾತು. ಮನುಷ್ಯರಾದರೆ ಮೊದಲ ಕಂತು ಸುಲಭ: ಬಾಯಿ ಬಿಟ್ಟು ಹೇಳುವುದು. ಅಪ್ಪನ ಕಾರ್ಖಾನೆಗೆ ಅದಕ್ಕೆ ಒಂದು ಪೈಸೆ ಖರ್ಚಿರಲಿಲ್ಲ. ಡಾಲ್ಫಿನ್‌ಗೆ ಹೇಳಲು ಬರುವುದಿಲ್ಲ. ಹಾಗಾಗಿ ಅಲ್ಲಿ ಋಣ ತೀರಿಸುವುದು ನಡವಳಿಕೆಯಲ್ಲೇ: ಕೆಲಸ ಕಡಿಮೆ ಮಾಡುವುದು, ಜೊತೆಗಾರರಿಂದ ಅಗಲಿಸದಿರುವುದು, ಕೊನೆಯ ದಿನದವರೆಗೂ ಮೀನು. ಮುದಿ ಡಾಲ್ಫಿನ್‌ಗಳನ್ನು ಅಲ್ಲಿ ಸಾಕುತ್ತಾರೆ, ಅದು ನಿಜ. ಸಾಕದಿದ್ದರೆ ಮುಪ್ಪಿನ ಅಧ್ಯಯನವೇ ಇರುತ್ತಿರಲಿಲ್ಲ, ಅದೂ ನಿಜ. ಅವುಗಳಿಂದ ಕಲಿಯಲು ಏನೂ ಉಳಿಯದ ದಿನವೂ ಆ ಮೀನಿನ ಬಕೆಟ್ ಅಷ್ಟೇ ಹೊತ್ತಿಗೆ ಬರುತ್ತದೆಯೇ? ಅವತ್ತು ಬಂದರೆ ಅದನ್ನು ಆರೈಕೆ ಅನ್ನಲು ನನಗೇನೂ ಅಡ್ಡಿ ಇಲ್ಲ.

ಲ್ಯಾಬಿನ ರಿಪೋರ್ಟ್ ಮೊನ್ನೆ ಬಂತು. ಎಂಟು ಪುಟದ ಪಿಡಿಎಫ್. ವಿಟಮಿನ್ ಡಿ ಕಡಿಮೆ, ಸಕ್ಕರೆ ಗೆರೆಯ ಅಂಚಿನಲ್ಲಿ. ಓದದೆ ಡೌನ್‌ಲೋಡ್ ಮಾಡಿ ಬಿಡುವುದು ನನ್ನ ಅಭ್ಯಾಸ. ಅಪ್ಪ "ಏನು ಬಂತೋ?" ಅಂದರು. ಅವರ ಬಲಗಿವಿ ಸ್ವಲ್ಪ ವಾಸಿ. ಆ ಕಡೆ ಕುರ್ಚಿ ಎಳೆದುಕೊಂಡು ಕೂತು, ಮೊದಲ ಪುಟದಿಂದ ಒಂದೊಂದೇ ಸಾಲು ಜೋರಾಗಿ ಓದಿ ಹೇಳಿದೆ.