ಕೈ ತೊಳೆಯುವ ಪಾತ್ರೆಯೂ ಒಳಗಣ ಶುದ್ಧಿಯೂ

ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯವನ್ನು ಓದುವಾಗ ನಾವು ಫರಿಸಾಯರನ್ನು ಕಪಟಿಗಳೆಂದು ಹೇಳಿ ನಗುವದುಂಟು. ಆದರೆ ಅವರ ಆಚಾರವು ಎಂಥದೆಂದು ವಿಚಾರಿಸದೆ ನಗುವದು ನ್ಯಾಯವೋ?

ದೇವಸೇವೆಗೆ ಬರುವ ಯಾಜಕರು ತಾಮ್ರದ ತೊಟ್ಟಿಯ ನೀರಿನಿಂದ ಕೈಕಾಲುಗಳನ್ನು ತೊಳೆದುಕೊಳ್ಳಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ಊಟಕ್ಕೆ ಮುಂಚೆ ಎಲ್ಲರೂ ಕೈ ತೊಳೆಯಬೇಕೆಂಬದಾದರೋ ಹಿರಿಯರು ತರುವಾಯ ಕೂಡಿಸಿದ ನೇಮವು. ಕ್ರಿ.ಶ. 200ರ ಸುಮಾರಿಗೆ ಕೂಡಿಸಲ್ಪಟ್ಟ ಮಿಷ್ನಾ ಎಂಬ ಗ್ರಂಥದಲ್ಲಿ ಕೈಗಳ ವಿಷಯವಾಗಿಯೇ ಒಂದು ಭಾಗವಿರುತ್ತದೆ. ಅದರ ಪ್ರಕಾರ ಒಂದೂವರೆ ಕೋಳಿಮೊಟ್ಟೆಯಷ್ಟಾದರೂ ನೀರಿರಬೇಕು. ಅದನ್ನು ಪಾತ್ರೆಯಿಂದಲೇ ಹೊಯ್ಯಬೇಕು. ಬೊಗಸೆಯಿಂದಾಗಲಿ ಒಡೆದ ಪಾತ್ರೆಯ ಚೂರಿನಿಂದಾಗಲಿ ಹೊಯ್ಯಬಾರದು. ಈಗಲೂ ಯೆಹೂದ್ಯರ ಮನೆಗಳಲ್ಲಿ ನಟ್ಲಾ ಎಂಬ ಎರಡು ಹಿಡಿಗಳ ಪಾತ್ರೆಯುಂಟು; ತೊಳೆದ ಕೈ ತೊಳೆಯದ ಕೈಗೆ ತಗಲದಂತೆ ಅದು ಸಹಾಯ ಮಾಡುತ್ತದೆ.

ಮಣ್ಣಿನ ಪಾತ್ರೆ ಅಶುದ್ಧವಾದರೆ ಅದನ್ನು ಒಡೆಯಬೇಕಾಗಿತ್ತು. ಕಲ್ಲಿನ ಪಾತ್ರೆಗೆ ಅಶುದ್ಧತ್ವ ತಗಲದೆಂದು ಅವರ ಬೋಧಕರು ಕಲಿಸಿದರು. ಆದಕಾರಣವೇ ಕಾನಾ ಊರಿನ ಮದುವೆಮನೆಯಲ್ಲಿ ಆರು ಕಲ್ಲಿನ ಬಾನೆಗಳು ಇದ್ದವು. ಅವು ಒಂದೊಂದೂ ಸುಮಾರು 80ರಿಂದ 120 ಲೀಟರು ನೀರು ಹಿಡಿಯುವಂಥವು. ನಜರೇತಿನ ಸಮೀಪದ ರೇನಾ ಎಂಬಲ್ಲಿ 2017ರಲ್ಲಿ ಅಗೆದಾಗ, ಸೀಮೆಸುಣ್ಣದ ಕಲ್ಲಿನಿಂದ ಪಾತ್ರೆಗಳನ್ನು ಮಾಡುತ್ತಿದ್ದ ಪೂರ್ವಕಾಲದ ಸ್ಥಳವು ಸಿಕ್ಕಿತು.

ಈ ನೇಮವನ್ನು ಕೈಕೊಂಡವರೆಲ್ಲರೂ ಕಪಟಿಗಳೋ? ರಬ್ಬಿ ಅಕಿವ ಎಂಬವನು ರೋಮಾಯರ ಸೆರೆಯಲ್ಲಿದ್ದಾಗ ಅವನಿಗೆ ಬರುತ್ತಿದ್ದ ನೀರಿನಲ್ಲಿ ಅರ್ಧವನ್ನು ಸೆರೆಯ ಕಾವಲುಗಾರನು ಚೆಲ್ಲಿಬಿಟ್ಟನೆಂದು ತಾಲ್ಮೂದು ತಿಳಿಸುತ್ತದೆ. ಉಳಿದದ್ದು ಕುಡಿಯುವದಕ್ಕೂ ಸಾಲದೆಂದು ಶಿಷ್ಯನು ಹೇಳಿದಾಗ್ಯೂ, ಅವನು ಕೈ ತೊಳೆಯುವ ತನಕ ಏನನ್ನೂ ಮುಟ್ಟಲಿಲ್ಲವಂತೆ. ಬಾಯಾರಿಕೆಯಿಂದ ಸಾಯಲೂ ಸಿದ್ಧನಾಗಿದ್ದವನನ್ನು ನಾವು ಕಪಟಿಯೆನ್ನಲಾರೆವು.

ಹಾಗಾದರೆ ಕರ್ತನು ಗದರಿಸಿದ್ದು ಯಾಕೆ? ಹೊರಗಿನಿಂದ ಬರುವದು ಮನುಷ್ಯನನ್ನು ಹೊಲೆಮಾಡದೆಂದು ಆತನು ಸ್ಪಷ್ಟವಾಗಿ ಕಲಿಸಿದನು. ಆದಕಾರಣ ಅಕಿವನ ನೇಮವು ನಮ್ಮನ್ನು ಬಂಧಿಸುವದಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ಆತನು ಬೇರೊಬ್ಬನನ್ನು ತೋರಿಸುತ್ತಾನೆ. ಇವನು ತನ್ನ ಸೊತ್ತು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ತಂದೆತಾಯಿಗಳಿಗೆ ಏನೂ ಕೊಡದವನು. ಇವರಿಬ್ಬರನ್ನೂ ತೂಗಿ ನೋಡಿರಿ. ಅಕಿವನು ತನ್ನ ಭಕ್ತಿಗಾಗಿ ತನ್ನ ನೀರನ್ನೇ ಬಿಟ್ಟನು. ಇವನು ತನ್ನ ಭಕ್ತಿಗಾಗಿ ಮುದಿ ತಂದೆಯ ಅನ್ನವನ್ನು ಬಿಡಿಸಿದನು. ಕರ್ತನ ಕೋಪವು ಇದರ ಮೇಲೆಯೇ.

ಈ ಮಾತು ನಮ್ಮನ್ನೂ ಮುಟ್ಟುತ್ತದೆ. ನಾವು ಮಡಿಮೈಲಿಗೆಗಳನ್ನು ಬಿಟ್ಟೆವೆಂದು ಸಂತೋಷಪಡುತ್ತೇವೆ; ಅದು ಸರಿಯೇ. ಆದರೆ ನಮ್ಮ ಮಾರ್ಗಕ್ಕೆ ಬಾರದ ತಂದೆತಾಯಿಗಳು ಹಳೇ ಮನೆಯಲ್ಲಿ ಹಸಿದಿರುವಾಗ, ಸಭೆಗೆ ಕಾಣಿಕೆ ಕೊಟ್ಟೆವು, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ನಾವು ಎಂದಾದರೂ ಹೇಳಿದ್ದುಂಟೋ? ಹೇಳಿದ್ದಾದರೆ ಕೊರ್ಬಾನ್ ಎಂಬ ಮಾತು ಯೆಹೂದ್ಯರದಷ್ಟೇ ಅಲ್ಲ, ನಮ್ಮದೂ ಆಯಿತು. ಬರುವ ಆದಿತ್ಯವಾರದ ಕಾಣಿಕೆಯನ್ನು ಕಟ್ಟುವದಕ್ಕೆ ಮುಂಚೆ ಆ ಮನೆಗೆ ಒಂದು ಸೇರು ಅಕ್ಕಿ ಹೋಗಲಿ. ಅದನ್ನು ಕೊಟ್ಟು ಬಂದ ಕೈಗಳನ್ನು ದೇವರು ಶುದ್ಧವೆಂದೇ ಎಣಿಸುವನು.