ಅಂಕಕ್ಕೆ ಸಿಗದ ಮಾತು

ಫ್ರೆಂಚ್ ಕಲಿಯಲು ಹೊರಟವರು ಎದುರಿಸುವ ಆರಂಭದ ಪರೀಕ್ಷೆಗಳಲ್ಲಿ ಡೆಲ್ಫ್ ಎ1 ಒಂದು. ಅದರ ಮೌಖಿಕ ಭಾಗಕ್ಕೆ 100ರಲ್ಲಿ 25 ಅಂಕ. ಸಮಯ 5ರಿಂದ 7 ನಿಮಿಷ. ಮೊದಲಿಗೆ ಪರೀಕ್ಷಕರು ಹೆಸರು, ಊರು, ಮನೆಮಂದಿಯ ವಿಚಾರ ಕೇಳುತ್ತಾರೆ. ಆಮೇಲೆ ಒಂದೊಂದೇ ಪದವಿರುವ ಚೀಟಿಗಳು ಬರುತ್ತವೆ. ಆ ಪದ ಹಿಡಿದು ಅಭ್ಯರ್ಥಿಯೇ ಪರೀಕ್ಷಕರಿಗೆ ಪ್ರಶ್ನೆ ಹಾಕಬೇಕು. ಕೊನೆಗೊಂದು ಪುಟ್ಟ ನಾಟಕ. ಪರೀಕ್ಷಕರು ಅಂಗಡಿಯವರಾಗುತ್ತಾರೆ, ಅಭ್ಯರ್ಥಿ ಗಿರಾಕಿ. ಬೆಲೆ ವಿಚಾರಿಸಿ, ಚಿತ್ರದಲ್ಲಿರುವ ನೋಟು ನಾಣ್ಯ ಎಣಿಸಿ ಕೊಟ್ಟು ವ್ಯಾಪಾರ ಮುಗಿಸಬೇಕು. ಮೂರಕ್ಕೂ ಬೇರೆಬೇರೆ ಹೆಸರುಂಟು: ಕೇಳಿದ್ದಕ್ಕೆ ಉತ್ತರ ಕೊಡುವ ‘ಆಂತ್ರತ್ಯೆಂ’, ಮಾಹಿತಿಯ ‘ಎಶಾಂಜ್’, ನಟನೆಯ ‘ದಿಯಾಲೋಗ್’. ‘ಕೊಂವೆರ್ಸಾಸಿಯೋಂ’, ಎಂದರೆ ಮಾತುಕತೆ, ಎಂಬ ಹೆಸರು ಮಾತ್ರ ಯಾವುದಕ್ಕೂ ಇಲ್ಲ.

ಫ್ರೆಂಚರ ಬಾಯಲ್ಲಿ ದಿನವಿಡೀ ಓಡಾಡುವ ನಾಮಪದ ಅದು. ಸ್ತ್ರೀಲಿಂಗ ಎಂಬುದನ್ನು ಮೊದಲ ದಿನವೇ ಬಾಯಿಪಾಠ ಮಾಡಿಬಿಡಬಹುದು. ಬಳಸಲು ಹೊರಟಾಗ ತಿಳಿಯುತ್ತದೆ ಅದರ ಹರವು. ಅದನ್ನು ಶುರುಮಾಡಬಹುದು, ಬೇರೆ ಕಡೆಗೆ ತಿರುಗಿಸಬಹುದು, ಸೊರಗುತ್ತಿದ್ದರೆ ಉಣಿಸಿ ಬೆಳೆಸಬಹುದು. ಎಲ್ಲಕ್ಕಿಂತ ವಿಚಿತ್ರವಾದದ್ದು ‘ಅವ್ವಾರ್ ದ ಲಾ ಕೊಂವೆರ್ಸಾಸಿಯೋಂ’ ಎಂಬ ನುಡಿಗಟ್ಟು. ಹಿಟ್ಟು, ತಾಳ್ಮೆ ಮುಂತಾದ ಎಣಿಕೆಗೆ ಸಿಗದವುಗಳ ಹೆಸರಿಗೆ ಮೊದಲು ಹಚ್ಚುವ ‘ದ ಲಾ’ ಇಲ್ಲಿಯೂ ಬರುತ್ತದೆ. ಇಂಥವರಲ್ಲಿ ಅದು ‘ಇದೆ’ ಎಂದರೆ ಅವರ ಜೊತೆ ಕೂತರೆ ಮಾತು ಬತ್ತುವುದಿಲ್ಲ, ಹೊತ್ತು ಹೋದದ್ದು ಗೊತ್ತಾಗುವುದಿಲ್ಲ ಎಂದರ್ಥ. ಗಂಟೆಗಟ್ಟಲೆ ಒಬ್ಬರೇ ಮಾತಾಡಬಲ್ಲವರಲ್ಲಿ ಅದು ಚೂರೂ ಇಲ್ಲದಿರಬಹುದು.

ಹಾಗಾದರೆ ಏನದು? ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ಒಡನಾಟ, ಕೂಡಿ ಬಾಳುವುದು ಎಂಬ ಅರ್ಥವಿತ್ತು. ಮಾತಿನ ಅರ್ಥ ಗಟ್ಟಿಯಾದದ್ದು ಬಹಳ ತಡವಾಗಿ. ಒಡನಾಟಕ್ಕೆ ಅಜೆಂಡಾ ಇರುವುದಿಲ್ಲ. ನೌಕರಿಯ ಸಂದರ್ಶನವನ್ನು ಫ್ರೆಂಚರು ‘ಆಂತ್ರತ್ಯೆಂ’ ಎನ್ನುತ್ತಾರೆ. ಅಲ್ಲಿ ಒಬ್ಬರಿಗೆ ಕೆಲಸ ಬೇಕು, ಇನ್ನೊಬ್ಬರಿಗೆ ಆಳು ಬೇಕು. ಅಂಗಡಿಯಲ್ಲಿ ಸಾಮಾನು ಕೈಗೆ ಬಂದಮೇಲೆ ಮಾತಿನ ಹಂಗಿಲ್ಲ. ಗುರಿಯುಳ್ಳ ಮಾತನ್ನು ಅಳೆಯಬಹುದು, ಏಕೆಂದರೆ ಗುರಿ ಮುಟ್ಟಿತೋ ಇಲ್ಲವೋ ಎಂದು ನೋಡಿದರಾಯಿತು. ಎಲ್ಲಿಗೂ ಮುಟ್ಟಬೇಕಿಲ್ಲದ ಮಾತಿಗೆ ಅಂಕ ಹಾಕುವುದು ಹೇಗೆ?

ಗುರಿಯಿಲ್ಲವೆಂದರೆ ಶಿಸ್ತಿಲ್ಲ ಎಂದಲ್ಲ. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಮದಾಮ್ ಜೋಫ್ರಾಂ ಎಂಬಾಕೆ ಸೋಮವಾರ ಕಲಾವಿದರನ್ನು, ಬುಧವಾರ ಬರಹಗಾರರನ್ನು ಊಟಕ್ಕೆ ಕರೆಯುತ್ತಿದ್ದಳು. ಆಕೆಗೆ ಶಾಲೆಯ ಓದು ಇರಲಿಲ್ಲವೆಂದೇ ಹೇಳಬೇಕು. ಆದರೂ ಪಂಡಿತರ ಮಾತು ಅಪಾಯದ ಕಡೆಗೆ ಹೊರಳಿದರೆ ನಯವಾಗಿ ಅಲ್ಲಿಗೇ ನಿಲ್ಲಿಸುತ್ತಿದ್ದವಳು ಅವಳೇ. ಲೆಮೊನ್ಯೆ ಎಂಬ ಚಿತ್ರಕಾರ 1812ರಲ್ಲಿ ಅವಳ ಬೈಠಕ್ಕನ್ನು ಕಲ್ಪಿಸಿ ಚಿತ್ರಿಸಿದ. ಕೋಣೆ ತುಂಬ ಜನ. ಒಬ್ಬ ವೋಲ್ತೇರನ ನಾಟಕ ಓದುತ್ತಿದ್ದಾನೆ, ಉಳಿದವರು ಸುತ್ತ ಕೂತಿದ್ದಾರೆ. ವೋಲ್ತೇರ್ ಅಲ್ಲಿಲ್ಲ, ಅವನ ಶಿಲ್ಪವಿದೆ. ಮಾತಿಗೇ ಹೆಸರಾದ ಮನೆಯನ್ನು ತೋರಿಸಲು ಚಿತ್ರಕಾರ ಆರಿಸಿಕೊಂಡದ್ದು ಕೇಳುವವರ ಗುಂಪನ್ನು!

ಅವಳಿಗಿಂತ ಮುಂಚಿನ ಫ್ರೆಂಚ್ ಪ್ರಬಂಧಕಾರ ಮಾಂಟೇನ್ ಮಾತುಕತೆಯ ಶಿಸ್ತನ್ನು ಇನ್ನೂ ನಿಷ್ಠುರವಾಗಿ ಕಂಡವನು. 1588ರಲ್ಲಿ ಬಂದ ಅವನ ಪ್ರಬಂಧಗಳ ಮೂರನೇ ಸಂಪುಟದಲ್ಲಿ ಮಾತಿನ ಕಲೆಯ ಮೇಲೊಂದು ಬರಹವಿದೆ. ತನ್ನ ಮಾತನ್ನು ಅಲ್ಲಗಳೆಯುವವನು ಅವನಿಗೆ ಇಷ್ಟ; ಅಂಥವನಿಂದಲೇ ಏನಾದರೂ ಕಲಿಯುವುದು ಸಾಧ್ಯ ಎನ್ನುವ ನಿಲುವು ಅವನದು. ಹೂಂಗುಟ್ಟುವವನ ಎದುರು ನಾವು ಕೇಳಿಸಿಕೊಳ್ಳುವುದು ನಮ್ಮದೇ ದನಿ. ಎದುರಿನವರ ಮಾತಿನಿಂದ ನಮ್ಮ ಅಭಿಪ್ರಾಯ ಒಂದಿಷ್ಟಾದರೂ ಕದಲುವ ಅವಕಾಶವಿಲ್ಲದಿದ್ದರೆ ಅದು ಸರದಿಯ ಭಾಷಣ, ಅಷ್ಟೇ.

ನೆಪೋಲಿಯನ್ನನಿಗೆ ಈ ಕದಲುವಿಕೆಯ ಭಯ ಗೊತ್ತಿತ್ತು. ಮಾತಿನ ಮೋಡಿಗೆ ಹೆಸರಾಗಿದ್ದ ಲೇಖಕಿ ಮದಾಮ್ ದ ಸ್ತಾಲ್ ಪ್ಯಾರಿಸ್ಸಿನಿಂದ 40 ಲ್ಯೂ, ಎಂದರೆ ಸುಮಾರು 160 ಕಿ.ಮೀ. ದೂರವಿರಬೇಕೆಂದು 1803ರಲ್ಲಿ ಆಜ್ಞೆಯಾಯಿತು. ಜೈಲಿಲ್ಲ, ಬಾಯಿಗೆ ಬೀಗವಿಲ್ಲ, ಶಿಕ್ಷೆಯೆಂದರೆ ದೂರ. ಜಿನೀವಾ ಸರೋವರದ ದಂಡೆಯ ಕೊಪ್ಪೆ ಎಂಬಲ್ಲಿದ್ದ ಅವಳ ಮನೆಗೆ ಯುರೋಪಿನ ವಿದ್ವಾಂಸರೇ ಬಂದು ಹೋಗುತ್ತಿದ್ದರು. ಆದರೂ ಅವಳು ಪ್ಯಾರಿಸ್ಸಿಗಾಗಿ ಹಂಬಲಿಸಿದಳು. ಪ್ರತಿಭೆ ಪೂರ್ತಿ ಅವಳದೇ. ಅದು ಅರಳಬೇಕಾದ ಜಾಗ ಮಾತ್ರ ಇತರರ ನಡುವೆ.

ಒಬ್ಬರಲ್ಲಿ ಕೊಂವೆರ್ಸಾಸಿಯೋಂ ‘ಇದೆ’ ಎಂದು ವ್ಯಾಕರಣ ಹೇಳುತ್ತದೆ ನಿಜ. ಆದರೆ ಒಬ್ಬರೇ ಇದ್ದಾಗ ಅದು ಯಾರಲ್ಲಿಯೂ ಇರುವುದಿಲ್ಲ. ಹಾಗಾಗಿ ಶಬ್ದಭಂಡಾರ ತುಂಬಿದಮೇಲೆ ಸಿಗುವ ಬಹುಮಾನವೂ ಅದಲ್ಲ. ಹತ್ತಿಪ್ಪತ್ತು ಪದ ಬಲ್ಲ ಹೊಸಬ, ಎದುರಿನವರು ಏನು ಹೇಳಿಯಾರೆಂಬ ನಿಜವಾದ ಕುತೂಹಲದಿಂದ ಒಂದು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾದರೆ, ಆ ನಾಮಪದವನ್ನು ಅವನು ಸರಿಯಾಗಿಯೇ ಬಳಸಿದಂತೆ. ಕ್ರಿಯಾಪದದ ಪ್ರತ್ಯಯ ತಪ್ಪಿದ್ದರೂ.